ಬೆಂಗಳೂರಲ್ಲಿ ಕೇರಿ ಎಲ್ಲಿದೆ?



ಪರೀಕ್ಷೆ ಮುಗಿದ ವಾರಕ್ಕೇ ಆನವಟ್ಟಿ, ಸೊರಬ, ಶಿಕಾರಿಪುರದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೊರಡೋ ನಮ್ಮ ಹುಡುಗರನ್ನು ಪ್ರತಿ ವರ್ಷ ನೋಡ್ತಾ ಇದ್ದೇವೆ. ಹಿಂದೆ ಕೈಯಲ್ಲಿ ಟ್ರಂಕು ಇರುತ್ತಿತ್ತು, ಈಗ ಬೆನ್ನಿಗೆ ಬ್ಯಾಗು ಬಂದಿದೆ. ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಹಾಗೇ ಇದೆ. ಬಸ್ಸು ಹತ್ತಿಸೋಕೆ ಬಂದವರು ಒಂದೇ ಮಾತು ಹೇಳ್ತಾರೆ: ಹೋಗು ಮಗಾ, ಅಲ್ಲಿ ಯಾರೂ ಯಾವ ಜನ ಅಂತ ಕೇಳೋರಿಲ್ಲ, ದುಡ್ಡು ಕೊಟ್ರೆ ಕುಡಿಯೋಕೆ ನೀರು, ಇರೋಕೆ ಜಾಗ ಎರಡೂ ಸಿಗ್ತವೆ.

ಈ ಮಾತನ್ನು ನಾವೂ ನಂಬಿದ್ದೆವು. ಈಗಲೂ ಅರ್ಧ ನಂಬುತ್ತೇವೆ. ಉಳಿದರ್ಧದ ಬಗ್ಗೆ ಈ ಸಂಪಾದಕೀಯ.

ನಮ್ಮ ಕುಬಟೂರನ್ನೇ ತಗೊಳ್ಳಿ. ಕೈಟಭೇಶ್ವರನ ಗುಡಿ ನೋಡೋಕೆ ಕಾರು ಮಾಡಿಕೊಂಡು ಬರೋ ಜನಕ್ಕೆ ಇದು ಚಾಲುಕ್ಯರ, ಹೊಯ್ಸಳರ ಕಾಲದ ಊರು. ಕುಂತಳ ನಗರ ಅಂತ ಹಿರಿಯರು ಕರೆದುಕೊಂಡು ಬಂದ ಊರು. 1077ರಲ್ಲಿ ಕದಂಬರ ರಾಣಿ ಮಾಳಲದೇವಿ ಇಲ್ಲಿ ಬಸದಿ ಕಟ್ಟಿಸಿದಳು ಅಂತ ಶಾಸನ ಇದೆ. ಶಾಸನ ಓದೋರನ್ನು ಕೇಳಿ ನೋಡಿ, ದಾನ ಕೊಟ್ಟ ಜಮೀನಿಗೆ ಎಲ್ಲೆ ಹೇಳೋದನ್ನು ಅವು ಮರೆಯೋಲ್ಲ. ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಹಳ್ಳ, ಪಡುವಲಿಗೆ ಇಂಥ ಕಲ್ಲು ಅಂತ ಬರೆಸುತ್ತಾರೆ. ಗೆರೆ ಎಳೆದು ಇದು ಇಂಥವರದು ಅನ್ನೋ ಕೆಲಸ ಸಾವಿರ ವರ್ಷದಿಂದ ಈ ಸೀಮೆಯಲ್ಲಿ ಜೋರಾಗಿಯೇ ನಡೆದಿದೆ. ಕೇರಿಗೆ ಮಾತ್ರ ಯಾರೂ ಕಲ್ಲು ನೆಟ್ಟು ಎಲ್ಲೆ ಬರೆಸಲಿಲ್ಲ. ಬರೆಸೋ ಅಗತ್ಯ ಬೀಳಲಿಲ್ಲ. ಎಲ್ಲಿ ಊರು ಮುಗಿದು ಕೇರಿ ಶುರುವಾಗುತ್ತೆ ಅಂತ ನಮ್ಮ ಕಡೆಯ ಯಾವ ಹಳ್ಳಿಯ ಮಗುವನ್ನು ಕೇಳಿದರೂ ಬೆರಳು ತೋರಿಸುತ್ತೆ.

1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟು ಮಾತಾಡುವಾಗ ಬಾಬಾಸಾಹೇಬರು ಹಳ್ಳಿಯನ್ನು ಹಾಡಿ ಹೊಗಳುತ್ತಿದ್ದವರಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟರು. ಹಳ್ಳಿ ಅಂದರೆ ಅಜ್ಞಾನದ, ಕೋಮುಭಾವದ, ಕೂಪಮಂಡೂಕತನದ ಜಾಗ ಅಂದರು. ಸಂವಿಧಾನದ ಲೆಕ್ಕದಲ್ಲಿ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಹಿಡಿದದ್ದು ಒಳ್ಳೇದೇ ಆಯ್ತು ಅಂತಲೂ ಹೇಳಿದರು. ಹಳ್ಳಿ ಬಿಟ್ಟು ಹೊರಡೋ ಧೈರ್ಯ ನಮಗೆ ಅಲ್ಲಿಂದ ಬಂತು. ಆದರೆ ಅದೇ ಬಾಬಾಸಾಹೇಬರು 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅಷ್ಟು ದೊಡ್ಡ ಪಟ್ಟಣದಲ್ಲಿ ಅವರಿಗೊಂದು ಕೋಣೆ ಹುಟ್ಟಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಕೆಲವು ದಿನ ಇದ್ದರು. ಗುಟ್ಟು ಹೊರಬಿದ್ದಾಗ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ರೈಲಿನ ಹೊತ್ತಾಗುವ ತನಕ ಆ ಮನುಷ್ಯ ಪಾರ್ಕಿನಲ್ಲಿ ಕೂತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವರು. ಪಾರ್ಕಿನಲ್ಲಿ.

ನಮ್ಮ ಕಥೆ ಅಷ್ಟು ದೊಡ್ಡದಲ್ಲ. ಕಳೆದ ವರ್ಷ ನಮ್ಮ ಬಳಗದ ಇಬ್ಬರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ರೂಮು ಹುಡುಕಿದೆವು. ಬಡಾವಣೆಯ ಹೆಸರು ಬೇಡ. ಗೇಟಿಗೆ 'ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡು ತೂಗು ಹಾಕಿದ ಮನೆಗಳನ್ನು ನಾವೇ ಬಿಟ್ಟೆವು. ಬೋರ್ಡಿಲ್ಲದ ಒಂದು ಮನೆಗೆ ಹೋದೆವು. ಒಳ್ಳೇ ಹೆಂಗಸು, ಕೂರಿಸಿ ಮಾತಾಡಿಸಿದರು.

"ಯಾವ ಕಡೆಯೋರಪ್ಪಾ?"

"ಸೊರಬದ ಕಡೆಯೋರು ಅಮ್ಮಾ."

"ಓ, ಮಲ್ನಾಡು. ಒಳ್ಳೇ ಜನ. ನಿಮ್ಮದು ಏನು ಜನ?"

ನಮ್ಮ ಜೊತೆಗಾರ ಸುಳ್ಳು ಹೇಳೋನಲ್ಲ. ಎಸ್ಸಿ ಅಮ್ಮಾ ಅಂದ. ಆಕೆ ಮುಖ ಗಂಟಿಕ್ಕಲಿಲ್ಲ, ಬೈಯಲಿಲ್ಲ. "ನಮ್ಮ ಮನೆಯೋರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಿ ಕಣಪ್ಪಾ" ಅಂದರು. ಬಾಗಿಲು ದಾಟಿ ರಸ್ತೆಗೆ ಬಂದ ಮೇಲೆ ಹೊಳೆಯಿತು, ಆಕೆ ನಮ್ಮ ನಂಬರೇ ತಗೊಂಡಿರಲಿಲ್ಲ.

ಸಂಜೆ ಹೊತ್ತಿಗೆ ರೂಮು ಸಿಕ್ಕಿತು. ಎಲ್ಲಿ? ಅದೇ ಬಡಾವಣೆಯ ಬೆನ್ನಿಗೆ, ಎರಡು ಅಡ್ಡರಸ್ತೆ ದಾಟಿದ ಮೇಲೆ. ರಸ್ತೆ ಇದ್ದಕ್ಕಿದ್ದಂತೆ ಕಿರಿದಾಯ್ತು, ಚರಂಡಿ ತೆರೆದುಕೊಂಡಿತು, ಮೂಲೆಯಲ್ಲಿ ಬಾಬಾಸಾಹೇಬರ ಬೋರ್ಡು, ನೀಲಿ ಬಾವುಟ, ಒಂದು ಮಾರಮ್ಮನ ಗುಡಿ. ಅಜ್ಜಿಯೊಬ್ಬಳು ಏನು ಜನ ಅಂತ ಕೇಳದೆ ಅಡ್ವಾನ್ಸ್ ಎಷ್ಟು ಕೊಡ್ತೀರಾ ಅಂತ ಮಾತ್ರ ಕೇಳಿದಳು. ಅದು ಆ ಬಡಾವಣೆ ಹುಟ್ಟೋ ಮುಂಚೆ ಅಲ್ಲಿದ್ದ ಹಳ್ಳಿ. ಹಳ್ಳಿಯ ಹೊಲ ಗದ್ದೆ ಸೈಟುಗಳಾಗಿ ಹೋಗಿವೆ. ಗ್ರಾಮಠಾಣ ಹಾಗೇ ಉಳಿದಿದೆ. ಗ್ರಾಮಠಾಣದ ಜೊತೆ ಅದರ ಕೇರಿಯೂ ಉಳಿದಿದೆ. ಮುನ್ನೂರು ಚಿಲ್ಲರೆ ಕಿಲೋಮೀಟರು ಬಸ್ಸಿನಲ್ಲಿ ಕೂತು ನಾವು ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಬಂದಿದ್ದೆವು.

ಮುಖ್ಯ ವಿಷಯ ಇನ್ನೂ ಇದೆ. ಆ ಅಮ್ಮನ ಮನೆ, ಈ ಅಜ್ಜಿಯ ಮನೆ ಎರಡೂ ಒಂದೇ ವಾರ್ಡು. ಸರ್ಕಾರದ ನಕ್ಷೆಯಲ್ಲಿ ನಡುವೆ ಗೆರೆ ಇಲ್ಲ. ನಾವು ನಡೆದು ದಾಟಿದ ಗೆರೆ ಯಾವ ಕಾಗದದಲ್ಲೂ ಇಲ್ಲ.

ಹಾಗಾದರೆ ಕಾಗದದಲ್ಲಿರೋ ಗೆರೆಗಳು ಯಾವುವು, ಅವನ್ನು ಯಾರು ಎಳೆದರು ಅಂತ ಹುಡುಕಿಕೊಂಡು ಹೋದೆವು. ಹುಡುಕಿದಷ್ಟೂ ಒಂದರ ಕೆಳಗೊಂದು ಗೆರೆ.

ಎಲ್ಲಕ್ಕಿಂತ ಹಳೇದು ಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಅಂತ ಶಾಲೆಯಲ್ಲಿ ಓದಿದ್ದೀರಿ. ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು, ಸೊಂಡೆಕೊಪ್ಪದ ಬಾಗಿಲು ಅಂತ ನಾಲ್ಕು ದಿಕ್ಕಿಗೆ ಬಾಗಿಲು. ಒಳಗೆ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ. ಇವು ಸರಕಿನ ಹೆಸರು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ, ಗೊಲ್ಲರಪೇಟೆ. ಇವು ಕಸುಬಿನ ಹೆಸರು, ಅಂದರೆ ಜಾತಿಯ ಹೆಸರು. ಮಡಕೆ ಮಾಡೋನಿಗೊಂದು ಪೇಟೆ, ಎಣ್ಣೆ ತೆಗೆಯೋನಿಗೊಂದು ಪೇಟೆ. ಚಪ್ಪಲಿ ಹೊಲಿದವನ, ತಮಟೆ ಬಡಿದವನ, ಸತ್ತ ದನ ಎಳೆದವನ ಹೆಸರಿನ ಪೇಟೆ ಯಾವುದು ಅಂತ ನಾವು ಒಂದು ಮಧ್ಯಾಹ್ನ ಪೂರ್ತಿ ಚಿಕ್ಕಪೇಟೆ ಸುತ್ತಮುತ್ತ ಬೋರ್ಡು ಓದುತ್ತಾ ಅಲೆದೆವು. ನಮಗೆ ಸಿಗಲಿಲ್ಲ. ಅಕ್ಕಿ ಬೇಕಿತ್ತು, ಬಳೆ ಬೇಕಿತ್ತು, ಚಪ್ಪಲಿ ಬೇಕಿರಲಿಲ್ಲವೇನೋ.

ಆಮೇಲೆ 1809ರಲ್ಲಿ ಬ್ರಿಟಿಷರ ದಂಡು ಬಂತು. ಪೇಟೆ ಒಂದು ಕಡೆ, ಕಂಟೋನ್‌ಮೆಂಟ್ ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ನಡುವೆ ಕಬ್ಬನ್ ಪಾರ್ಕು. ಒಂದು ಊರಿಗೆ ಮಹಾರಾಜರ ಸರ್ಕಾರ, ಪಕ್ಕದ ಊರಿಗೆ ಬ್ರಿಟಿಷ್ ರೆಸಿಡೆಂಟ್. ಸ್ವಾತಂತ್ರ್ಯ ಬಂದು 1949ರಲ್ಲಿ ಎರಡನ್ನೂ ಸೇರಿಸಿ ಒಂದು ಕಾರ್ಪೊರೇಷನ್ ಮಾಡುವ ತನಕ ಮುನಿಸಿಪಾಲಿಟಿಗಳು ಬೇರೆಯಾಗಿಯೇ ಇದ್ದವು. ಈ ಗೆರೆ ಬಿಳಿಯರು ಎಳೆದದ್ದು, ಅವರನ್ನು ಬೈಯೋದು ಸುಲಭ.

ನಮ್ಮವರೇ ಎಳೆದದ್ದನ್ನೂ ನೋಡಬೇಕು. 1890ರ ದಶಕದಲ್ಲಿ ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಹಾಕಿತು. 1898ರ ಪ್ಲೇಗು ಪೇಟೆಯನ್ನು ಬಡಿದ ಮೇಲೆ ಜನ ಅಲ್ಲಿಗೆ ನುಗ್ಗಿದರು. ಗಾಳಿ ಬೆಳಕು, ಅಗಲ ರಸ್ತೆ, ಚರಂಡಿ ಎಲ್ಲ ಆಧುನಿಕ. ಹಾಗಿದ್ದೂ ಆ ಬಡಾವಣೆಗಳ ಭಾಗಗಳನ್ನು ಜಾತಿವಾರು ಹಂಚಿದ್ದರು. ಇಂಥ ಭಾಗ ಇಂಥ ಜಾತಿಗೆ ಅಂತ. ಪೇಟೆಯಲ್ಲಿ ತಾನಾಗಿ ಬೆಳೆದದ್ದನ್ನು ಇಂಜಿನಿಯರು ಅಳತೆಪಟ್ಟಿ ಇಟ್ಟು ಎಳೆದ. ಜಾತಿ ಹಳೇ ಕಾಲದ್ದು, ಪಟ್ಟಣ ಬೆಳೆದ ಹಾಗೆ ಸಾಯುತ್ತೆ ಅಂತ ಕ್ಲಾಸಿನಲ್ಲಿ ಪಾಠ ಹೇಳೋ ಮೇಷ್ಟ್ರುಗಳಿಗೆ ಇದನ್ನು ದಯವಿಟ್ಟು ಓದಿ ಹೇಳಿ.

ಈಗ ವಾರ್ಡಿನ ಲೆಕ್ಕಕ್ಕೆ ಬರೋಣ. ಇದು ಸ್ವಲ್ಪ ಒಣ ವಿಷಯ. ಆಕಳಿಸಬೇಡಿ, ನಮ್ಮ ಹೊಟ್ಟೆಯ ವಿಷಯವೂ ಹೌದು.

1949ರಲ್ಲಿ ಕಾರ್ಪೊರೇಷನ್ ಶುರುವಾದಾಗ 50 ವಿಭಾಗ ಇದ್ದವು. 1995ಕ್ಕೆ ವಾರ್ಡು 100 ಆದವು. 2007ರಲ್ಲಿ ಸುತ್ತಲಿನ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ನುಂಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯ್ತು. 198 ವಾರ್ಡು ಮಾಡಿ 2010ರಲ್ಲಿ, 2015ರಲ್ಲಿ ಚುನಾವಣೆ ನಡೆಸಿದರು. 2020ರ ಸೆಪ್ಟೆಂಬರಿಗೆ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ಐದು ವರ್ಷ ಚುನಾವಣೆ ಇಲ್ಲ, ಆಡಳಿತಾಧಿಕಾರಿಗಳದ್ದೇ ದರ್ಬಾರು. ಚುನಾವಣೆ ಬದಲು ಗೆರೆ ಎಳೆಯೋದು ನಡೆಯಿತು. ಒಂದು ಸರ್ಕಾರ 2022ರಲ್ಲಿ 243 ವಾರ್ಡು ಅಂತು. ಇನ್ನೊಂದು ಸರ್ಕಾರ ಬಂದು 2023ರಲ್ಲಿ 225 ಅಂತು. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಾಗಿ ಒಡೆದರು. ನ್ಯೂಯಾರ್ಕಿನವರು 1898ರಲ್ಲಿ ಐದು ಭಾಗ ಕೂಡಿಸಿ ಒಂದು ನಗರ ಮಾಡಿಕೊಂಡರು, ನಾವು ಒಂದನ್ನು ಒಡೆದು ಐದು ಮಾಡಿಕೊಂಡೆವು. ಅದೇ ತಿಂಗಳ ಕೊನೆಗೆ ವಾರ್ಡುಗಳ ಕರಡು ಬಂತು. ಆಕ್ಷೇಪಣೆ ಹೇಳೋಕೆ ಎರಡು ವಾರದಷ್ಟು ಸಮಯ. ನವೆಂಬರಿನಲ್ಲಿ ಅಂತಿಮ ಪಟ್ಟಿ: ಐದೂ ಪಾಲಿಕೆ ಸೇರಿ 369 ವಾರ್ಡು. ಪಶ್ಚಿಮಕ್ಕೆ 112, ಉತ್ತರಕ್ಕೆ 72, ದಕ್ಷಿಣಕ್ಕೆ 72, ಕೇಂದ್ರಕ್ಕೆ 63, ಪೂರ್ವಕ್ಕೆ 50.

ಈ ಎಲ್ಲಕ್ಕೂ ಹಿಡಿದ ತಲೆಲೆಕ್ಕ 2011ರ ಜನಗಣತಿಯದು, ಸುಮಾರು 84 ಲಕ್ಷ. 2012ರಿಂದ ಈಚೆಗೆ ಬೆಂಗಳೂರಿಗೆ ಹೋದ ನಮ್ಮ ಹುಡುಗರು, ಗಾರ್ಮೆಂಟ್ಸಿಗೆ ಹೋದ ನಮ್ಮ ಹುಡುಗಿಯರು ಒಬ್ಬರೂ ಆ ಲೆಕ್ಕದಲ್ಲಿಲ್ಲ. ಅವರು ಅಲ್ಲಿ ಕಸ ಹಾಕ್ತಾರೆ, ನೀರು ಕುಡೀತಾರೆ, ತೆರಿಗೆ ಕಟ್ಟೋ ಮಾಲೀಕನಿಗೆ ಬಾಡಿಗೆ ಕೊಡ್ತಾರೆ. ಗೆರೆ ಎಳೆಯುವವನ ಕಣ್ಣಿಗೆ ಅವರು ಹುಟ್ಟಿಲ್ಲ.

ವಾರ್ಡು ಚಿಕ್ಕದಾದರೆ ನಮಗೆ ಲಾಭವೋ ನಷ್ಟವೋ? ನಮ್ಮ ಬಳಗದಲ್ಲಿ ಇದರ ಮೇಲೆ ಒಂದು ರಾತ್ರಿ ಪೂರ್ತಿ ಜಗಳ ಆಯ್ತು. ಕೊನೆಗೆ ಬಳಪ ಹಿಡಿದು ನೆಲದ ಮೇಲೆ ಲೆಕ್ಕ ಹಾಕಿದೆವು. 198 ವಾರ್ಡು ಇದ್ದಾಗ ವಾರ್ಡಿಗೆ ಸರಾಸರಿ 42 ಸಾವಿರ ಜನ. 369 ಆದ ಮೇಲೆ ಸರಾಸರಿ 23 ಸಾವಿರ. ಒಂದು ಕೇರಿಯಲ್ಲಿ ನಾಲ್ಕು ಸಾವಿರ ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಹಳೇ ವಾರ್ಡಿನಲ್ಲಿ ಅವರು ಹತ್ತರಲ್ಲಿ ಒಂದು ಪಾಲೂ ಇಲ್ಲ, ವೋಟಿನ ಹಿಂದಿನ ದಿನ ಬಂದು ಕೈಮುಗಿದು ಹೋದರೆ ಸಾಕು. ಹೊಸ ವಾರ್ಡಿನಲ್ಲಿ ಅದೇ ನಾಲ್ಕು ಸಾವಿರ ಜನ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಅವರನ್ನು ಬಿಟ್ಟು ಯಾರೂ ಗೆಲ್ಲೋಕಾಗಲ್ಲ. ಹಾಗಾಗಿ ಚಿಕ್ಕ ವಾರ್ಡು ಒಳ್ಳೇದು ಅಂತ ಒಬ್ಬ ಹೇಳಿದ. ಸರಿಯೇ. ಈಗ ಅದೇ ಕೇರಿಯ ನಡುವೆ ಒಂದು ಗೆರೆ ಎಳೆಯಿರಿ. ಎರಡು ಸಾವಿರ ಈ ವಾರ್ಡಿಗೆ, ಎರಡು ಸಾವಿರ ಆ ವಾರ್ಡಿಗೆ. ಹನ್ನೊಂದರಲ್ಲಿ ಒಂದು ಪಾಲು. ಮೊದಲಿದ್ದದ್ದಕ್ಕಿಂತ ಕಡೆ. ಮನೆ ಅಲ್ಲೇ, ಜನ ಅಲ್ಲೇ, ನಲ್ಲಿಯೂ ಅದೇ. ಬಲ ಮಾತ್ರ ಎರಡು ತುಂಡು.

ಮೀಸಲಾತಿಯೂ ಇದೇ ಗೆರೆಯ ಮೇಲೆ ನಿಂತಿದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ನಗರ ಸಂಸ್ಥೆಗಳಲ್ಲಿ ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ ಸ್ಥಾನ ಮೀಸಲಿಡಬೇಕು. ಒಟ್ಟು ಎಷ್ಟು ಸ್ಥಾನ ಅನ್ನೋದು ಜನಸಂಖ್ಯೆಯಿಂದ ಬರುತ್ತೆ. ಯಾವ ವಾರ್ಡಿನಲ್ಲಿ ನಮ್ಮವರು ಎಷ್ಟು ಪಾಲು ಅನ್ನೋದು ಗೆರೆಯಿಂದ ಬರುತ್ತೆ. ಕೇರಿ ಹರಿದು ಹಂಚಿಹೋದರೆ ಮೀಸಲು ವಾರ್ಡು ಬಂದರೂ ಅಲ್ಲಿ ಗೆಲ್ಲೋ ನಮ್ಮವನು ಕೇರಿಗೆ ಉತ್ತರ ಕೊಡೋದಿಲ್ಲ, ತನ್ನನ್ನು ನಿಲ್ಲಿಸಿದ ಯಜಮಾನನಿಗೆ ಕೊಡ್ತಾನೆ. ಹಾಗಂತ ನಮ್ಮವರನ್ನೆಲ್ಲ ಒಂದೇ ವಾರ್ಡಿಗೆ ತುಂಬಿಬಿಡಿ ಅನ್ನೋದೂ ಪರಿಹಾರ ಅಲ್ಲ. ಆಗ ಒಂದು ವಾರ್ಡು ನಮ್ಮದಾಗುತ್ತೆ, ಸುತ್ತಲಿನ ಐದು ವಾರ್ಡಿನವರಿಗೆ ನಮ್ಮ ಹೆದರಿಕೆಯೇ ಇರೋದಿಲ್ಲ. ಇದಕ್ಕೆ ಒಂದೇ ಸೂತ್ರ ನಮ್ಮ ಹತ್ತಿರ ಇಲ್ಲ. ಜಾಗ ನೋಡಿ ಹೇಳಬೇಕು. ಜಾಗ ನೋಡೋರು ಬೇಕು ಅನ್ನೋದೇ ನಮ್ಮ ಗೋಳು.

ನಮ್ಮ ಜಿಲ್ಲೆಗೂ ಇದು ಹೊಸದಲ್ಲ. 2008ರ ವಿಧಾನಸಭಾ ಕ್ಷೇತ್ರ ವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರ ಮಾಯವಾಯ್ತು. ಪರಿಶಿಷ್ಟರಿಗೆ ಮೀಸಲಿದ್ದ ಹೊಳೆಹೊನ್ನೂರು ಹೋಗಿ ಶಿವಮೊಗ್ಗ ಗ್ರಾಮಾಂತರ ಮೀಸಲು ಕ್ಷೇತ್ರ ಆಯ್ತು. ಆಗ ನಮ್ಮ ಎಷ್ಟು ಹಾಸ್ಟೆಲುಗಳಲ್ಲಿ ಅದರ ನಕ್ಷೆ ಬಿಚ್ಚಿ ನೋಡಿದ್ದರು?

ಬರಿ ಗೆರೆಯಿಂದ ಏನಾದೀತು ಅಂತ ಕೇಳುವವರಿಗೆ ಅಮೆರಿಕದ ಟಸ್ಕೀಗಿ ಊರಿನ ಕಥೆ ಹೇಳಬೇಕು. ಅಲಬಾಮಾ ರಾಜ್ಯದ ಆ ಊರಿನಲ್ಲಿ ಕರಿಯರ ಹೆಸರಾಂತ ಕಾಲೇಜಿತ್ತು. ಓದಿದ ಕರಿಯರು ಒಬ್ಬೊಬ್ಬರೇ ಮತದಾರರ ಪಟ್ಟಿಗೆ ಸೇರತೊಡಗಿದರು. 1957ರಲ್ಲಿ ರಾಜ್ಯದ ಶಾಸನಸಭೆ ಊರಿನ ಎಲ್ಲೆಯನ್ನೇ ಬದಲಿಸಿತು. ಚೌಕಾಕಾರ ಇದ್ದ ಊರು 28 ಮಗ್ಗುಲಿನ ವಿಚಿತ್ರ ಪ್ರಾಣಿಯಾಯ್ತು. 400 ಕರಿಯ ಮತದಾರರಲ್ಲಿ ನಾಲ್ಕೈದು ಜನರನ್ನು ಬಿಟ್ಟು ಉಳಿದವರೆಲ್ಲ ಊರಾಚೆ ಬಿದ್ದರು. ಬಿಳಿಯ ಮತದಾರ ಒಬ್ಬನೂ ಹೊರಗೆ ಬೀಳಲಿಲ್ಲ. ಯಾರ ಮನೆಯನ್ನೂ ಸುಡಲಿಲ್ಲ, ಯಾರಿಗೂ ಹೊಡೆಯಲಿಲ್ಲ. ಪೆನ್ಸಿಲ್ಲಿನ ಕೆಲಸ. ಅದೇ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದ ಚಾರ್ಲ್ಸ್ ಗೊಮಿಲಿಯನ್ ಎಂಬ ಮೇಷ್ಟ್ರು ತಮ್ಮವರನ್ನು ಕಟ್ಟಿಕೊಂಡು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟುಗಳಲ್ಲಿ ಸೋತರು. 1960ರಲ್ಲಿ ಸುಪ್ರೀಂ ಕೋರ್ಟು ಆ ಗೆರೆ ಸಂವಿಧಾನಕ್ಕೆ ವಿರೋಧ ಅಂದಿತು. ಮೇಷ್ಟ್ರು ಅಂದ್ರೆ ಹೀಗಿರಬೇಕು ನೋಡಿ.

ಬೆಂಗಳೂರಿನಲ್ಲಿ ಟಸ್ಕೀಗಿಯ ಹಾಗೆ ಬೇಕಂತಲೇ ಎಳೆದಿದ್ದಾರೆ ಅಂತ ನಾವು ಹೇಳ್ತಾ ಇಲ್ಲ. ನಮ್ಮ ಕೈಯಲ್ಲಿ ಪುರಾವೆ ಇಲ್ಲದ ಮಾತನ್ನು ಈ ಪುಟದಲ್ಲಿ ಹಾಕೋದಿಲ್ಲ. ನಾವು ಹೇಳೋದು ಇಷ್ಟು. ದೊಡ್ಡ ರಸ್ತೆ, ರಾಜಕಾಲುವೆ, ರೈಲು ಹಳಿ ನೋಡಿ ವಾರ್ಡಿನ ಗೆರೆ ಎಳೀತಾರೆ. ನಮ್ಮವರು ಇರೋದು ಎಲ್ಲಿ? ರಾಜಕಾಲುವೆಯ ದಂಡೆಯ ಮೇಲೆ, ಹಳಿಯ ಪಕ್ಕದಲ್ಲಿ. ಬೇಕಂತ ಎಳೆಯದಿದ್ದರೂ ಗೆರೆ ಬಂದು ಬೀಳೋದು ನಮ್ಮ ಹಿತ್ತಲಿಗೆ.

ಇನ್ನು ಕಾಗದದ ಮೇಲೆ ಇಲ್ಲದ ಆ ಇನ್ನೊಂದು ಗೆರೆ. ನಮ್ಮಿಬ್ಬರ ಅನುಭವ ಬರಿ ನಮ್ಮ ಹಣೆಬರಹವೇನೋ ಅಂದುಕೊಂಡಿದ್ದೆವು. ಬೆಂಗಳೂರಿನ ಐಐಎಂ ಸಂಸ್ಥೆಯಿಂದ 2018ರಲ್ಲಿ ನವೀನ್ ಭಾರತಿ, ದೀಪಕ್ ಮಲ್ಘಾನ್, ಅಂದಲೀಬ್ ರಹಮಾನ್ ಎಂಬ ಸಂಶೋಧಕರ ಒಂದು ಅಧ್ಯಯನ ಬಂತು. ಅವರು ವಾರ್ಡಿನ ಅಂಕಿ ಬಿಟ್ಟು 2011ರ ಜನಗಣತಿಯ ಎಣಿಕೆ ಬ್ಲಾಕಿನ ಅಂಕಿ ಹಿಡಿದರು. ಎಣಿಕೆ ಬ್ಲಾಕು ಅಂದರೆ ಗಣತಿಯವರು ಒಬ್ಬರು ಸುತ್ತೋ ಅಷ್ಟು ಜಾಗ, ನೂರಿಪ್ಪತ್ತು ಮನೆ ಹತ್ತಿರ ಹತ್ತಿರ. ವಾರ್ಡಿನ ಮಟ್ಟದಲ್ಲಿ ನೋಡಿದರೆ ಎಲ್ಲ ಜಾತಿ ಬೆರೆತ ಹಾಗೆ ಕಾಣುತ್ತೆ. ಬ್ಲಾಕಿನ ಮಟ್ಟಕ್ಕೆ ಇಳಿದರೆ ಬೆರೆತಿಲ್ಲ. ಒಂದೇ ವಾರ್ಡಿನ ಒಳಗೆ ನಮ್ಮವರು ಬೇರೆ ಗಲ್ಲಿ, ಅವರು ಬೇರೆ ಗಲ್ಲಿ. ಬೆಂಗಳೂರೊಂದೇ ಅಲ್ಲ, ಮುಂಬೈ, ದಿಲ್ಲಿ, ಚೆನ್ನೈ, ಕೋಲ್ಕತ್ತ ಎಲ್ಲ ಕಡೆ. ಅಂದರೆ ವಾರ್ಡಿನ ಅಂಕಿ ಇಟ್ಟುಕೊಂಡು ನಗರದಲ್ಲಿ ಜಾತಿ ಇಲ್ಲ ಅನ್ನೋರು ದೂರದಿಂದ ಕನ್ನಡಕ ಇಲ್ಲದೆ ನೋಡಿದವರು. ಕೇರಿ ಎರಡು ಅಡ್ಡರಸ್ತೆಯಷ್ಟು ಚಿಕ್ಕದು. ಅಷ್ಟು ಹತ್ತಿರ ಹೋದರೆ ಮಾತ್ರ ಕಾಣುತ್ತೆ.

ಆ ಕೇರಿಯೂ ಶಾಶ್ವತ ಅಂತ ಇಲ್ಲ. ಈಜಿಪುರದಲ್ಲಿ ಪಾಲಿಕೆಯೇ ಬಡವರಿಗೆಂದು ಕಟ್ಟಿಸಿದ್ದ ಮನೆಗಳಿದ್ದವು, ಕೋರಮಂಗಲದ ಮಗ್ಗುಲಿಗೆ. ಕಟ್ಟಡಗಳು ಕುಸಿದವು, ಜನ ಅಲ್ಲೇ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲಿ ಬಹಳ ಜನ ದಲಿತರು. ಹೆಂಗಸರು ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆದು ಬದುಕೋರು. ಆ ನೆಲದ ಒಂದು ಭಾಗದಲ್ಲಿ ಮಾಲ್ ಕಟ್ಟುವ ಒಪ್ಪಂದ ಆಯ್ತು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಬುಲ್ಡೋಜರ್ ಬಂದು ಗುಡಿಸಲು ನೆಲಸಮ ಮಾಡಿತು. ಚಳಿಯಲ್ಲಿ ಮಕ್ಕಳು ಬೀದಿಯಲ್ಲಿ. ಕೆಲವರಿಗೆ ಸರ್ಜಾಪುರ ರಸ್ತೆಯ ಆಚೆ, ನಗರದ ಅಂಚಿನ ಸೂಲಿಕುಂಟೆಯಲ್ಲಿ ಮನೆ ಕೊಟ್ಟರು. ಪಾತ್ರೆ ತೊಳೆಯೋ ಮನೆ ಕೋರಮಂಗಲದಲ್ಲಿ, ಮಲಗೋ ಮನೆ ಸೂಲಿಕುಂಟೆಯಲ್ಲಿ. ವಾರ್ಡಿನ ಗೆರೆ ಜನರ ಮೇಲೆ ಹಾದು ಹೋಗೋದು ಒಂದು ಬಗೆ. ಜನರನ್ನೇ ಎತ್ತಿ ಗೆರೆಯ ಆಚೆ ಇಡೋದು ಇನ್ನೊಂದು ಬಗೆ.

ಬೆಳಿಗ್ಗೆ ಆರಕ್ಕೆ ಬಸ್ಸು ಇಳಿದಾಗ ನೀವು ಮೊದಲು ನೋಡೋದು ಪೊರಕೆ ಹಿಡಿದ ಪೌರಕಾರ್ಮಿಕ ಹೆಂಗಸರನ್ನು. ಹಾಜರಿ ಕೊಡೋಕೆ ಅವರು ಅಷ್ಟೊತ್ತಿಗೆ ವಾರ್ಡಿನಲ್ಲಿ ನಿಂತಿರುತ್ತಾರೆ. ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರಿಸೋದನ್ನು ನಿಲ್ಲಿಸಿದರು. ಐ.ಪಿ.ಡಿ. ಸಾಲಪ್ಪ ಸಮಿತಿ 1976ರ ವರದಿಯಲ್ಲಿ 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಇಷ್ಟೆಲ್ಲ ಆದ ಮೇಲೂ ಪೊರಕೆ ಹಿಡಿದವರು ಹೆಚ್ಚಿನಂಶ ನಮ್ಮವರೇ. ಇಡೀ ವಾರ್ಡಿನ ಗಲ್ಲಿ ಗಲ್ಲಿ ಗೊತ್ತಿರೋದು ಅವರಿಗೆ, ಗೆರೆ ಎಲ್ಲಿ ಮುಗಿಯುತ್ತೆ ಅನ್ನೋದೂ ಗೊತ್ತು, ಯಾಕಂದರೆ ಅಲ್ಲಿಗೆ ಪೊರಕೆ ನಿಲ್ಲಬೇಕು. ವಾರ್ಡು ವಿಂಗಡಣೆ ಮಾಡುವಾಗ ಅವರನ್ನು ಒಂದು ಮಾತು ಕೇಳಿದ್ದರೆ ಸಾಹೇಬರುಗಳ ಕೆಲಸ ಎಷ್ಟು ಸುಲಭ ಆಗ್ತಿತ್ತು.

2011ರಲ್ಲಿ ತಿದ್ದಿದ ಪಾಲಿಕೆ ಕಾಯ್ದೆಯಲ್ಲಿ ವಾರ್ಡು ಸಮಿತಿಗೆ ಹತ್ತು ಜನ ಸದಸ್ಯರು, ಅದರಲ್ಲಿ ಇಬ್ಬರಾದರೂ ಪರಿಶಿಷ್ಟರು, ಮೂವರಾದರೂ ಹೆಂಗಸರು ಇರಬೇಕು ಅಂತಿತ್ತು. ನಿವಾಸಿಗಳ ಸಂಘಗಳಿಗೂ ಎರಡು ಜಾಗ. ಸಂಘದವರಿಗೆ ಮೀಟಿಂಗು ಯಾವತ್ತು ಅಂತ ಗೊತ್ತಿರುತ್ತೆ, ಪಾರ್ಕಿನ ಬೇಲಿ, ಬೀದಿನಾಯಿ, ವಾಕಿಂಗ್ ಹಾದಿ ಅಂತ ಪಟ್ಟಿ ತಂದಿರ್ತಾರೆ. ಕೇರಿಯ ಪಟ್ಟಿ ತರೋರು ಯಾರು? ಅಲ್ಲಿ ಓದಿದ ಹುಡುಗರಿಲ್ಲವೇ? ಇದ್ದಾರೆ. ನಮ್ಮ ಹಾಸ್ಟೆಲುಗಳಿಂದಲೇ ಹೋದವರು. ಗ್ರಾಮಠಾಣದ ರೂಮಿನಲ್ಲಿ ಎರಡು ವರ್ಷ ಇದ್ದು, ಸಂಬಳ ಏರಿದ ತಕ್ಷಣ ಬಡಾವಣೆಗೆ ಹಾರಿ, ಅಲ್ಲಿ ಅಡ್ಡಹೆಸರು ಬದಲಿಸಿಕೊಂಡು ಯಾರಿಗೂ ಗೊತ್ತಾಗದ ಹಾಗೆ ಇದ್ದುಬಿಡ್ತಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಬಾಬಾಸಾಹೇಬರೇ ಹೆಸರು ಬದಲಿಸಿ ಹನ್ನೊಂದು ದಿನ ಇರಬೇಕಾಯ್ತು. ಆದರೆ ಅವರು ಅದನ್ನು ಆಮೇಲೆ ಬರೆದು ಲೋಕಕ್ಕೆ ಹೇಳಿದರು. ನೀವು ಹೇಳ್ತಾ ಇಲ್ಲ.

ಈ ವರ್ಷ ಹೋಗೋರಿಗೆ ನಮ್ಮದು ಚಿಕ್ಕ ಕೆಲಸ ಇದೆ. ರೂಮು ಸಿಕ್ಕ ಮೇಲೆ ಮೊದಲು ನಿಮ್ಮ ವಾರ್ಡಿನ ಹೆಸರು, ಯಾವ ಪಾಲಿಕೆ ಅನ್ನೋದು ತಿಳಕೊಳ್ಳಿ. ಅದರ ನಕ್ಷೆ ಇಳಿಸಿಕೊಳ್ಳಿ, ಫೋನಿನಲ್ಲೇ ಸಿಗುತ್ತೆ. ಒಂದು ಭಾನುವಾರ ಅದರ ಗೆರೆಯ ಉದ್ದಕ್ಕೂ ನಡೆದುಬಿಡಿ, 23 ಸಾವಿರ ಜನರ ವಾರ್ಡನ್ನು ಅರ್ಧ ದಿನದಲ್ಲಿ ಸುತ್ತಬಹುದು. ಕೇರಿ ಎಲ್ಲಿದೆ, ಸ್ಲಂ ಬೋರ್ಡು ಘೋಷಣೆ ಮಾಡಿದ್ದೋ ಮಾಡದ್ದೋ, ಗೆರೆ ಅದರ ಪಕ್ಕ ಹೋಗಿದೆಯೋ ನಡುವೆ ಹೋಗಿದೆಯೋ ನೋಡಿ ಬರೆದುಕೊಳ್ಳಿ. ಮತದಾರರ ಪಟ್ಟಿಗೆ ಹೆಸರು ಹಾಕಿಸಿ. ಊರಿನ ಪಟ್ಟಿಯಲ್ಲಿದ್ದರೆ ಸಾಕು ಅನ್ನಬೇಡಿ, ನೀವು ನೀರು ಕುಡಿಯೋದು ಅಲ್ಲಿ. ಮುಂದಿನ ಸಲ ಕರಡು ಬಂದಾಗ ಎರಡು ವಾರದ ಒಳಗೆ ಆಕ್ಷೇಪಣೆ ಬರೀಬೇಕಾಗುತ್ತೆ. ಆಗ ನಕ್ಷೆ ಹುಡುಕೋಕೆ ಹೊತ್ತಿರೋದಿಲ್ಲ.

ಬರೆದದ್ದನ್ನು ನಮಗೂ ಕಳಿಸಿ. ಮನೆ ಕೇಳೋಕೆ ಹೋದಾಗ ಏನು ಕೇಳಿದರು, ಏನು ಹೇಳಿದಿರಿ ಅನ್ನೋದನ್ನೂ ಬರೀರಿ. ಮಾಲೀಕರ ಹೆಸರು ಬೇಡ, ಬಡಾವಣೆ ಮತ್ತು ಅಡ್ಡರಸ್ತೆ ಸಾಕು. ಹುಡುಗಿಯರ ಹಾಸ್ಟೆಲಿನವರು ತಪ್ಪದೆ ಬರೀಬೇಕು, ಅವರನ್ನು ಕೇಳೋ ಪ್ರಶ್ನೆಗಳೇ ಬೇರೆ ಅಂತ ಕೇಳಿದ್ದೇವೆ. ಬಂದದ್ದನ್ನೆಲ್ಲ ಸೇರಿಸಿ ದೊಡ್ಡ ಕಾಗದದ ಮೇಲೆ ನಾವೇ ಒಂದು ನಕ್ಷೆ ಬರೆಯೋಕೆ ಕೂತಿದ್ದೇವೆ. ಸದ್ಯಕ್ಕೆ ಅದರಲ್ಲಿ ಎರಡು ಮನೆಗಳಿವೆ, ಆ ಅಮ್ಮನದು ಮತ್ತು ಈ ಅಜ್ಜಿಯದು.